ಗಾಡಿಯ ಫ್ರಿಜ್ಜಿಗೆ ಬ್ಯಾಟರಿ ಸಾಲುತ್ತಿಲ್ಲ ಯಾಕೆ?

(ಓದುಗರ ಪ್ರಶ್ನೆಗಳಿಗೆ ಕಲಬುರಗಿಯ ಫ್ರಿಜ್ ಮೆಕ್ಯಾನಿಕ್ ಉತ್ತರ)

ಪ್ರಶ್ನೆ: ಅಣ್ಣಾವ್ರೆ, ನಾನು, ನಮ್ಮನೆಯವರು ಗೂಡ್ಸ್ ಗಾಡಿಯಲ್ಲಿ ಜಾತ್ರೆ, ಸಂತೆಗಳಿಗೆ ಹೋಗಿ ಲಸ್ಸಿ ಮಾರುತ್ತೇವೆ. 12 ವೋಲ್ಟಿನ 50 ಲೀಟರ್ ಫ್ರಿಜ್ ಇದೆ. ಅದಕ್ಕೆ ಬೇರೆಯೇ ಬ್ಯಾಟರಿ, 100 ಆಂಪಿಯರ್ ಅವರ್‌ದು, ಸೀಟಿನ ಕೆಳಗಿದೆ. ಬೆಳಿಗ್ಗೆ ಲಸ್ಸಿ ಕಡೆದು, 12 ಲೀಟರ್ ತುಂಬಿ, 2 ಡಿಗ್ರಿಗೆ ಇಟ್ಟು ಹೊರಡುತ್ತೇವೆ. ಮಧ್ಯಾಹ್ನ ಮೂರರ ಹೊತ್ತಿಗೆ ಕುಂಯ್ ಕುಂಯ್ ಅಂತ ಕೂಗಿ ಬಂದ್ ಆಗುತ್ತದೆ. ಇನ್ನೊಂದು ಬ್ಯಾಟರಿ ಕೊಳ್ಳಬೇಕಾ?
– ಓದುಗರೊಬ್ಬರು, ಶಹಾಪುರ

ಉತ್ತರ: ತಂಗಿ, ಸದ್ಯಕ್ಕೆ ದುಡ್ಡು ಹಾಕಬೇಡಿ. ನಿಮ್ಮ ಪತ್ರದಲ್ಲಿ ‘ಬೆಳಿಗ್ಗೆ ಕಡೆದು’ ಅಂತ ಬರೆದಿದ್ದೀರಲ್ಲ, ತೊಂದರೆ ಅಲ್ಲೇ ಇದೆ.

ನಮ್ಮ ಕಡೆ ಬೇಸಿಗೆಯಲ್ಲಿ ಆಗ ತಾನೇ ಕಡೆದ ಲಸ್ಸಿ 35 ಡಿಗ್ರಿ ಇರುತ್ತದೆ ಅಂತ ಹಿಡಿಯಿರಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಇಳಿಸಲು ಸುಮಾರು 4.2 ಕಿಲೋಜೌಲ್ ಬಿಸಿ ತೆಗೆಯಬೇಕು. ಲಸ್ಸಿಯ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. 12 ಲೀಟರನ್ನು 35ರಿಂದ 5ಕ್ಕೆ ತರಲು 1,500 ಕಿಲೋಜೌಲ್, ಅಂದರೆ 420 ವ್ಯಾಟ್ ಅವರ್‌ನಷ್ಟು ಬಿಸಿ ಹೊರಗೆ ಹೋಗಬೇಕು. ಪುಟ್ಟ ಕಂಪ್ರೆಸರ್ ಬಿಸಿಲಲ್ಲಿ ಒಂದು ವ್ಯಾಟ್ ಕರೆಂಟಿಗೆ ಒಂದೂವರೆ ವ್ಯಾಟ್ ಬಿಸಿ ತೆಗೆದರೆ ಅದೇ ದೊಡ್ಡದು. ಹಾಗೆ ನೋಡಿದರೆ 280 ವ್ಯಾಟ್ ಅವರ್ ಕರೆಂಟು ಬೇಕು. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ, ಲಸ್ಸಿ ತಂಪಾಗುವಷ್ಟರಲ್ಲೇ 25 ಆಂಪಿಯರ್ ಅವರ್ (ಎಷ್ಟು ಆಂಪಿಯರ್, ಎಷ್ಟು ಗಂಟೆ ಅನ್ನುವ ಲೆಕ್ಕ) ಹತ್ತಿರ ಖರ್ಚು. ಬ್ಯಾಟರಿ ಮೇಲೆ 100 ಅಂತ ಬರೆದಿದ್ದರೂ ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆಯಬಾರದು, ತೆಗೆದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿರುವುದು 50 ಮಾತ್ರ. ಗಿರಾಕಿ ಬರುವ ಮೊದಲೇ ಅದರಲ್ಲಿ ಅರ್ಧ ಹೋಯಿತು.

ತಂಪಾಗಿರುವುದನ್ನು ತಂಪಾಗಿಯೇ ಇಡಲು ಇಷ್ಟು ಬೇಕಾಗಿಲ್ಲ. ಫ್ರಿಜ್ 5 ಆಂಪಿಯರ್ ಎಳೆಯುತ್ತದೆ, ಗಂಟೆಯಲ್ಲಿ ಅರ್ಧ ಹೊತ್ತು ಓಡುತ್ತದೆ ಅಂದುಕೊಳ್ಳಿ. ಹತ್ತು ಗಂಟೆಗೆ 25 ಆಂಪಿಯರ್ ಅವರ್ ಆಯಿತು. ಆರಾಮಾಗಿ ಸಂಜೆ ದಾಟುತ್ತದೆ.

ಆದ್ದರಿಂದ ಲಸ್ಸಿಯನ್ನು ಹಿಂದಿನ ಸಂಜೆಯೇ ಕಡೆದು ಮನೆಯ ಫ್ರಿಜ್ಜಿನಲ್ಲಿ ಇಡಿ. ದೊಡ್ಡ ಕ್ಯಾನು ಬೇಡ, ಅದರ ನಡುಭಾಗ ರಾತ್ರಿಯೆಲ್ಲ ಇಟ್ಟರೂ ಬೇಗ ತಂಪಾಗುವುದಿಲ್ಲ. ಲೀಟರಿನ ಬಾಟಲಿಗಳಲ್ಲಿ ತುಂಬಿ. ಗಾಡಿಯ ಫ್ರಿಜ್ಜನ್ನೂ ರಾತ್ರಿ 12 ವೋಲ್ಟಿನ ಅಡಾಪ್ಟರ್ ಮೂಲಕ ಮನೆ ಕರೆಂಟಿಗೆ ಹಾಕಿ, ಖಾಲಿ ಡಬ್ಬಿಯನ್ನೇ ಮೊದಲು ತಂಪು ಮಾಡಿಕೊಳ್ಳಿ.

ಇಂಥ ಫ್ರಿಜ್ಜು ಲಾರಿ, ಬೋಟುಗಳಿಗೂ ಬೇಕಾದದ್ದೇ. ಸಮುದ್ರಕ್ಕೆ ಹೋಗುವ ಕೆಲವು ಬೋಟುಗಳಲ್ಲಿ ಉಪ್ಪುನೀರು ತುಂಬಿ ಸೀಲ್ ಮಾಡಿದ ಪ್ಲೇಟು ಇರುತ್ತದೆ. ಇಂಜಿನ್ ಓಡುವಾಗ ಅದನ್ನು ಗಡ್ಡೆಕಟ್ಟಿಸಿಕೊಳ್ಳುತ್ತಾರೆ. ಇಂಜಿನ್ ನಿಂತ ಮೇಲೆ ಬ್ಯಾಟರಿಗೆ ಕೈಹಾಕದೆ ಆ ತಂಪಿನ ಮೇಲೆಯೇ ಗಂಟೆಗಟ್ಟಲೆ ನಡೆಸುತ್ತಾರೆ. ಜಾಣ ಕೆಲಸ ಅಲ್ವಾ? ನಿಮಗೆ ಲೀಟರಿನ ಎರಡು ನೀರಿನ ಬಾಟಲಿ ಸಾಕು. ತಲೆ ಖಾಲಿ ಬಿಟ್ಟು ತುಂಬಿ, ಮನೆಯ ಫ್ರೀಜರಿನಲ್ಲಿ ಗಟ್ಟಿ ಮಾಡಿ ತನ್ನಿ. ಎರಡು ಕಿಲೋ ಐಸ್ ಕರಗುವಾಗ 185 ವ್ಯಾಟ್ ಅವರ್ ಬಿಸಿ ಕುಡಿಯುತ್ತದೆ. ಲಸ್ಸಿ ಬಾಟಲಿ ಖರ್ಚಾದ ಹಾಗೆ ಆ ಜಾಗಕ್ಕೆ ಇವನ್ನು ಸರಿಸಿ.

2 ಡಿಗ್ರಿ ಯಾಕೆ? 4 ಅಥವಾ 5 ಸಾಕು, ಲಸ್ಸಿ ಕೆಡುವುದಿಲ್ಲ. ಹೊರಗೆ 42 ಇದ್ದಾಗ 2ರ ಬದಲು 5ಕ್ಕೆ ಇಟ್ಟರೆ ಒಳಗೆ ನುಗ್ಗುವ ಬಿಸಿ ಏಳೆಂಟು ಪರ್ಸೆಂಟ್ ಕಡಿಮೆ. ಅದಕ್ಕಿಂತ ದೊಡ್ಡ ಲಾಭ ಗಾಳಿಯಿಂದ. ಫ್ರಿಜ್ಜಿನ ಒಂದು ಮಗ್ಗುಲಲ್ಲಿ ಜಾಲರಿ ಇದೆ, ನೋಡಿ. ಒಳಗಿನ ಬಿಸಿಯೆಲ್ಲ ಅಲ್ಲಿಂದಲೇ ಹೊರಬರಬೇಕು. ಆ ಮಗ್ಗುಲನ್ನು ಕ್ಯಾಬಿನ್ನಿಗೆ ಒತ್ತಿ ಇಟ್ಟು ಮೇಲೆ ತಾಡಪಾಲು ಹೊದಿಸಿದರೆ, ಬಿಟ್ಟ ಬಿಸಿಗಾಳಿಯನ್ನೇ ಫ್ಯಾನು ಮತ್ತೆ ಎಳೆದುಕೊಳ್ಳುತ್ತದೆ. ಕಂಪ್ರೆಸರ್ ನಿಲ್ಲುವುದೇ ಇಲ್ಲ. ಒಂದು ಗೇಣು ಜಾಗ ಬಿಡಿ. ನೆರಳು ಇರಲಿ, ಆದರೆ ಮುಚ್ಚಿಗೆ ಬೇಡ. ಹೋಳಿ ಆದಮೇಲೆ ಶರಣಬಸಪ್ಪನ ಜಾತ್ರೆಗೆ ಬಂದು ಹೋದ ಗಾಡಿಗಳ ಫ್ರಿಜ್ಜು ನನ್ನ ಹತ್ತಿರ ಬರುತ್ತವೆ. ಜಾಲರಿ ತೆಗೆದರೆ ಬಿಸಿ ಹೊರಬಿಡುವ ತೆಳು ತಗಡಿನ ರೆಕ್ಕೆಗಳ ನಡುವೆ ಬೂದಿಬಣ್ಣದ ಧೂಳು ಕಂಬಳಿಯ ಹಾಗೆ ಕೂತಿರುತ್ತದೆ. ಪ್ಲಗ್ ತೆಗೆದು, ಹಳೇ ಪೇಂಟ್ ಬ್ರಷ್‌ನಿಂದ ಮೇಲಿಂದ ಕೆಳಗೆ ಉದುರಿಸಿದರೆ ಆಯಿತು.

ಇನ್ನು ವೈರು. ಸೀಟಿನಿಂದ ಹಿಂದಕ್ಕೆ ಮನೆ ಲೈಟಿನ ಒಂದು ಚದರ ಎಂಎಂ ವೈರು ಎಳೆದಿರಬಹುದು. ನಾಲ್ಕು ಮೀಟರ್ ದೂರ ಅಂದರೆ ಹೋಗಿಬರಲು ಎಂಟು ಮೀಟರ್. 5 ಆಂಪಿಯರಿಗೆ ಅದರಲ್ಲೇ 0.7 ವೋಲ್ಟ್ ಸೋರಿಹೋಗುತ್ತದೆ. ಬ್ಯಾಟರಿಯಲ್ಲಿ ಇನ್ನೂ ಜೀವ ಇದ್ದರೂ ಫ್ರಿಜ್ಜಿಗೆ ಅದು ಸತ್ತ ಹಾಗೆ ಕಾಣುತ್ತದೆ, ಕೂಗಿ ಬಂದ್ ಆಗುತ್ತದೆ. ಕಂಪ್ರೆಸರ್ ಓಡುವಾಗ ಮೀಟರ್ ಹಿಡಿದು ಬ್ಯಾಟರಿ ಹತ್ತಿರ ಒಮ್ಮೆ, ಫ್ರಿಜ್ಜಿನ ಪಿನ್ ಹತ್ತಿರ ಒಮ್ಮೆ ನೋಡಿಸಿ. ಅರ್ಧ ವೋಲ್ಟ್ ವ್ಯತ್ಯಾಸ ಬಂದರೆ 6 ಚದರ ಎಂಎಂ ತಾಮ್ರದ ವೈರು ಹಾಕಿಸಿ, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಇರಲಿ. ಸಿಗರೇಟ್ ಲೈಟರ್ ಪಿನ್ನು ಗಾಡಿ ಕುಲುಕಾಟಕ್ಕೆ ಸಡಿಲಾಗಿ ಬಿಸಿಯಾಗುತ್ತದೆ, ಅದನ್ನು ನಂಬಬೇಡಿ.

ಇಷ್ಟೆಲ್ಲ ಮಾಡಿಯೂ ಮೂರು ಗಂಟೆಗೇ ನಿಂತರೆ ಆಗ ಬ್ಯಾಟರಿ ಟೆಸ್ಟ್ ಮಾಡಿಸಿ.

ಪ್ರಶ್ನೆ: ಮನೆಯ ಫ್ರಿಜ್ಜಿನ ತಿರುಗಣೆ 7ರಲ್ಲಿ ಇದ್ದರೂ ಹಾಲು ಒಡೆಯುತ್ತದೆ. 7 ಅಂದರೆ 7 ಡಿಗ್ರಿಯಾ?
– ಓದುಗರೊಬ್ಬರು, ಬೀದರ್

ಉತ್ತರ: ಅಲ್ಲ. ಆ ಅಂಕಿ ಡಿಗ್ರಿ ಅಲ್ಲ, ದೊಡ್ಡದಾದಷ್ಟೂ ತಂಪು ಜಾಸ್ತಿ ಅಷ್ಟೇ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಅದ್ದಿ ನಡುವಿನ ಹಲಗೆಯಲ್ಲಿ ರಾತ್ರಿ ಇಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನೋಡಿ. 5ಕ್ಕಿಂತ ಮೇಲಿದ್ದರೆ ಮೊದಲು ಬಾಗಿಲಿನ ರಬ್ಬರು, ಆಮೇಲೆ ಫ್ರೀಜರಿನ ಮಂಜು ಪರೀಕ್ಷಿಸಿ. ಮಂಜು ದಪ್ಪಗಾದರೆ ತಂಪು ಕೆಳಗೆ ಇಳಿಯುವುದಿಲ್ಲ. ಚಾಕು ಹಾಕಿ ಕೆರೆಯಬೇಡಿ, ಗ್ಯಾಸ್ ಪೈಪು ತೂತಾಗುತ್ತದೆ.

ಪ್ರಶ್ನೆ: ನಾರಾಯಣಪುರದ ಹಿನ್ನೀರಿನಲ್ಲಿ ನಮ್ಮ ದೋಣಿಯಿಂದ ಮೀನು ಹಿಡಿಯುತ್ತೇವೆ. ದೋಣಿಯಲ್ಲೇ ಬ್ಯಾಟರಿ ಫ್ರಿಜ್ ಇಡಬಹುದಾ?
– ಓದುಗರೊಬ್ಬರು, ಹುಣಸಗಿ

ಉತ್ತರ: ಬೇಡ ತಮ್ಮಾ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವ ಕೆಲಸಕ್ಕೆ ಬ್ಯಾಟರಿಯ ಭಾರ ಹೊರುವುದು ಯಾಕೆ? ನೀರು ಸಿಡಿದರೆ ವೈರಿಂಗಿಗೂ ಕೇಡು. ದಪ್ಪ ಥರ್ಮೋಕೋಲ್ ಡಬ್ಬಿ ತಗೊಳ್ಳಿ. ನಮ್ಮ ಸೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಬೇಕು. ಐಸ್ ಗಡ್ಡೆ ಹಾಗೇ ಹಾಕಬೇಡಿ. ಪುಡಿ ಮಾಡಿ, ಕೆಳಗೊಂದು ಪದರ, ಮೀನು, ಮತ್ತೆ ಐಸ್ ಹೀಗೆ ಹರಡಿ. ಡಬ್ಬಿಯ ತಳದಲ್ಲಿ ಒಂದು ತೂತು ಇರಲಿ, ಕರಗಿದ ನೀರಿನಲ್ಲಿ ಮೀನು ನೆನೆಯುತ್ತಾ ಕೂರಬಾರದು.