ಅಕ್ವೇರಿಯಂ ಫೋಟೋದಲ್ಲಿ ಬಣ್ಣ ಕಣ್ಣಿಗೆ ಕಂಡ ಹಾಗೆ ಬರಲು ಏನು ಮಾಡಬೇಕು?

ಕಡುಕೆಂಪು ಬೆಟ್ಟಾ ಮೀನು ಫೋಟೋದಲ್ಲಿ ಕಿತ್ತಳೆಯಾಗುತ್ತದೆ, ಟ್ಯಾಂಕ್ ಪೂರ್ತಿ ನೀಲಿ ಬಳಿದಂತೆ ಕಾಣುತ್ತದೆ, ಹೊಸ ಕ್ಯಾಮೆರಾ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಬೇಡ. ಇವು ಎರಡು ಬೇರೆ ಬೇರೆ ತೊಂದರೆಗಳು. ಎರಡನ್ನೂ ಈಗಿರುವ ಫೋನಿನಲ್ಲೇ ಬಹುಮಟ್ಟಿಗೆ ಸರಿಪಡಿಸಬಹುದು.

ಮೊದಲು ನೀಲಿ. ನಮ್ಮ ಕಣ್ಣು ಟ್ಯಾಂಕಿನ ಬೆಳಕಿಗೆ ಸ್ವಲ್ಪ ಹೊತ್ತಿನಲ್ಲೇ ಹೊಂದಿಕೊಳ್ಳುತ್ತದೆ. ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ಏರ್ಪಾಡು) ಮಾತ್ರ ಪ್ರತಿ ಫೋಟೋಗೂ ಹೊಸದಾಗಿ ಊಹೆ ಮಾಡುತ್ತದೆ. ಹಿಂದೆ ನೀಲಿ ಹಾಳೆ ಇದ್ದರೆ ಒಂದು ಊಹೆ, ತುಂಬಾ ಗಿಡ ಇದ್ದರೆ ಇನ್ನೊಂದು. ಒಂದೇ ನಿಮಿಷದಲ್ಲಿ ತೆಗೆದ ಎರಡು ಫೋಟೋಗಳ ಬಣ್ಣ ಬೇರೆಯಾಗುವುದು ಇದಕ್ಕೇ.

ಆ ಊಹೆಯನ್ನೇ ತಪ್ಪಿಸಿ. ಕೋಣೆಯ ದೀಪ ಆರಿಸಿ, ಪರದೆ ಎಳೆಯಿರಿ, ಟ್ಯಾಂಕಿನ ದೀಪ ಮಾತ್ರ ಇರಲಿ. ಎರಡು ಬಗೆಯ ಬೆಳಕು ಬೆರೆತರೆ ಯಾವ ಸೆಟ್ಟಿಂಗ್‌ನಿಂದಲೂ ಸರಿಹೋಗುವುದಿಲ್ಲ. ಆಮೇಲೆ ನೀರಿಗೆ ತಡೆಯುವ ಪ್ಲಾಸ್ಟಿಕ್ ಗ್ರೇ ಕಾರ್ಡನ್ನು (ಬಣ್ಣ ಅಳೆಯಲು ಬಳಸುವ ಬರೀ ಬೂದು ಬಣ್ಣದ ಹಾಳೆ) ಚೆನ್ನಾಗಿ ತೊಳೆದು, ಮೀನು ಓಡಾಡುವ ಆಳದಲ್ಲೇ ಹಿಡಿಯಿರಿ. ಕಾರ್ಡಿನ ಮುಖ ದೀಪದ ಕಡೆ ಸ್ವಲ್ಪ ವಾಲಿರಲಿ. ಕಸ್ಟಮ್ ವೈಟ್ ಬ್ಯಾಲೆನ್ಸ್ ಇದ್ದರೆ ಅದರಲ್ಲೇ ಅಳೆಯಿರಿ. ಇಲ್ಲದಿದ್ದರೆ ಸೆಟ್ಟಿಂಗ್‌ಗಳನ್ನು ಕೈಯಾರೆ ಬದಲಿಸುವ ಪ್ರೋ ಮೋಡ್‌ನಲ್ಲಿ ಕಾರ್ಡು ಬರೀ ಬೂದು ಕಾಣುವ ತನಕ ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಸರಿಸಿ, ಹಾಗೇ ಬಿಡಿ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) ತೆಗೆಯುವವರಿಗೆ ಕಾರ್ಡಿನ ಒಂದು ಫೋಟೋ ಸಾಕು, ಉಳಿದದ್ದನ್ನು ಆಮೇಲೆ ಅದಕ್ಕೆ ಹೊಂದಿಸಬಹುದು.

ಕಾರ್ಡು ನೀರೊಳಗೇ ಇರಬೇಕು. ಮರದ ತುಂಡು ಹಾಕಿದ ಟ್ಯಾಂಕಿನ ನೀರು ಸ್ವಲ್ಪ ಹಳದಿ, ಸಾಮಾನ್ಯ ಗಾಜಿಗೆ ತುಸು ಹಸಿರು ಛಾಯೆ. ಒಳಗಿಟ್ಟು ಅಳೆದರೆ ಇವೆರಡೂ ಲೆಕ್ಕಕ್ಕೆ ಬರುತ್ತವೆ. ಬಿಳಿ ಕಾಗದ ಸಾಲದೇ ಅಂದರೆ, ಸಾಲದು. ಬಹಳಷ್ಟು ಕಾಗದಗಳಲ್ಲಿ ಹೊಳಪಿಗಾಗಿ ಬೆರೆಸಿದ ಪದಾರ್ಥ ಇರುತ್ತದೆ. ನೇರಳೆ ಬೆಳಕು ಬಿದ್ದರೆ ಅದು ತಾನೇ ನೀಲಿಯಾಗಿ ಮಿನುಗುತ್ತದೆ.

ಇನ್ನು ಕೆಂಪು. ಇದರ ಕಾರಣ ಹೆಚ್ಚಾಗಿ ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ. ಹಿನ್ನೆಲೆ ಕಪ್ಪಾಗಿದ್ದರೆ ಕ್ಯಾಮೆರಾ ಇಡೀ ಚಿತ್ರವನ್ನು ಬೆಳಗಿಸುತ್ತದೆ. ಕ್ಯಾಮೆರಾ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ಚಾನೆಲ್‌ಗಳಲ್ಲಿ ದಾಖಲಿಸುತ್ತದೆ; ಮೀನಿನ ಮೇಲೆ ಕೆಂಪು ಚಾನೆಲ್ ತುಂಬಿ ನಿಂತುಬಿಡುತ್ತದೆ, ಹಸಿರು ಮಾತ್ರ ಏರುತ್ತಲೇ ಇರುತ್ತದೆ. ಕೆಂಪಿಗೆ ಹಸಿರು ಸೇರಿದರೆ ಕಿತ್ತಳೆ, ಅಲ್ವಾ? ರೆಕ್ಕೆಯ ಗೆರೆಗಳೂ ಅಳಿಸಿಹೋಗಿ ಒಂದೇ ಬಣ್ಣದ ಮುದ್ದೆ ಕಾಣುತ್ತದೆ. ಸ್ಕ್ರೀನಿನಲ್ಲಿ ಮೀನಿನ ಮೇಲೆ ಬೆರಳಿಟ್ಟು ಬೆಳಕನ್ನು ಒಂದು ಸ್ಟಾಪ್ (ಅಂದರೆ ಅರ್ಧಕ್ಕೆ) ಕೆಳಗಿಳಿಸಿ. ಫೋಟೋ ಸ್ವಲ್ಪ ಕಪ್ಪಾದರೂ ಪರವಾಗಿಲ್ಲ, ಗೆರೆಗಳು ಉಳಿದಿದ್ದರೆ ಬಣ್ಣವೂ ಉಳಿದಿದೆ.

ಹವಳದ ಟ್ಯಾಂಕಿನ ಕತೆಯೇ ಬೇರೆ. ಅಲ್ಲಿನ ಕಡುನೀಲಿ ಎಲ್‌ಇಡಿಗಳ ಬೆಳಕು 450 ನ್ಯಾನೋಮೀಟರ್ ಆಸುಪಾಸಿನದು. ಹಲವು ಕ್ಯಾಮೆರಾಗಳಲ್ಲಿ ಕೆಲ್ವಿನ್ 10000ಕ್ಕೇ ನಿಲ್ಲುತ್ತದೆ, ಈ ಬೆಳಕಿಗೆ ಅದು ಸಾಲುವುದಿಲ್ಲ. ಲೆನ್ಸ್ ಮುಂದೆ ಹಳದಿ ಅಥವಾ ಕಿತ್ತಳೆ ಫಿಲ್ಟರ್ ಹಾಕಿದರೆ ನೀಲಿ ತಗ್ಗಿ, ಹವಳ ತಾನೇ ಹೊರಸೂಸುವ ಹಸಿರು, ಕೆಂಪು ಎದ್ದು ಬರುತ್ತವೆ. ದೀಪದಲ್ಲಿ ಬಿಳಿ ಬೆಳಕನ್ನು ಬೇರೆಯಾಗಿ ಹೆಚ್ಚು ಕಡಿಮೆ ಮಾಡಲು ಬಂದರೆ ಫೋಟೋ ತೆಗೆಯುವಷ್ಟು ಹೊತ್ತು ಅದನ್ನು ಜಾಸ್ತಿ ಮಾಡಿಕೊಳ್ಳುವುದೂ ಒಂದು ದಾರಿ. ನನಗೆ ಇದೇ ಇಷ್ಟ.

ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನಿನ ನೀಲಿ ಗೆರೆಗೆ ಮಾತ್ರ ಒಂದೇ ಸರಿಯಾದ ಬಣ್ಣ ಅಂತ ಇಲ್ಲ. ಅದು ವರ್ಣದ್ರವ್ಯವಲ್ಲ, ಚರ್ಮದೊಳಗಿನ ಸಣ್ಣ ಹರಳುಗಳು ಬೆಳಕನ್ನು ಹಿಂತಿರುಗಿಸಿ ತೋರಿಸುವ ಬಣ್ಣ. ಮೀನು ತಿರುಗಿದಂತೆ ಅದು ಹಸಿರಿನ ಕಡೆಗೂ ವಾಲುತ್ತದೆ. ಸುಮ್ನೆ ಎಡಿಟ್ ಮಾಡುತ್ತಾ ಕೂರಬೇಡಿ, ಬೇರೆ ಬೇರೆ ಕೋನದಲ್ಲಿ ಹಲವು ಫೋಟೋ ತೆಗೆದು, ನಿಮ್ಮ ಕಣ್ಣು ಒಪ್ಪಿದ್ದನ್ನು ಇಟ್ಟುಕೊಳ್ಳಿ. ನೋಡುವಾಗ ಫೋನಿನ ನೈಟ್ ಮೋಡ್ ಮತ್ತು ಕಣ್ಣಿಗೆ ಹಿತವಾಗಲೆಂದು ಹಾಕುವ ಹಳದಿ ಸ್ಕ್ರೀನ್ ಆಫ್ ಇರಲಿ.