ರಾತ್ರಿ ಕೂತು ತಿದ್ದುವವರನ್ನು ಬೆಲೆಯಲ್ಲಿ ಸೇರಿಸಿದ್ದೀರಾ?

ನಾನು ಆಪ್ತಸಲಹೆಗಾರ್ತಿ. ಇಲ್ಲಿ ಹೇಳುವವರ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಉದ್ಯಮ ಮಾರಲು ಹೊರಟು ನಿದ್ದೆಗೆಟ್ಟವರು ಈಚೆಗೆ ನನ್ನ ಬಳಿ ಬರುವುದು ಹೆಚ್ಚಾಗಿದೆ. ಇದು ಅವರಲ್ಲೊಬ್ಬರ ಕಥೆ, ಹಲವರದೂ ಇದೇ.

ಆಸ್ಪತ್ರೆಯ ದಾಖಲೆಗಳನ್ನು ಓದಿ ವಿಮಾ ಕ್ಲೇಮಿಗೆ ಬೇಕಾದ ವಿವರ ತೆಗೆದುಕೊಡುವ ಸಣ್ಣ ಕಂಪನಿ ಅವರದು. ಓದುವುದು ಎಐ, ಅದೂ ಬೇರೆಯವರಿಂದ ಬಾಡಿಗೆಗೆ ಪಡೆದದ್ದು. ಕೊಳ್ಳುವವರಿಗೆ ಕೊಟ್ಟ ವಿವರಣೆಯಲ್ಲಿ ‘ಎಲ್ಲವೂ ಸ್ವಯಂಚಾಲಿತ’ ಎಂದು ಬರೆದಿದ್ದರು. ಅಂದಿನಿಂದ ಎದೆಬಡಿತ, ಮನೆಯಲ್ಲಿ ಸಿಡುಕು.

ಒಂದು ಭೇಟಿಗೆ ಪತ್ನಿಯೂ ಬಂದಿದ್ದರು. ಆದಾಯದ ಎಷ್ಟು ಪಟ್ಟು ಬೆಲೆ ಸಿಗಬಹುದೆಂದು ಇವರು ನನಗೆ ಬಿಡಿಸಿ ಹೇಳುತ್ತಿದ್ದಾಗ ಆಕೆ ಕೇಳಿದರು: “ರೀ, ಎಲ್ಲವನ್ನೂ ಅದೇ ಮಾಡುವುದಾದರೆ ರಾತ್ರಿ ಒಂದು ಗಂಟೆಯವರೆಗೆ ನೀವು ತಿದ್ದುತ್ತಾ ಕೂರುವುದು ಏನನ್ನು?”

“ಅದನ್ನು ಹೇಳಿದರೆ ಬೆಲೆ ಬೀಳುತ್ತದೆ” ಎಂದು ತಲೆ ತಗ್ಗಿಸಿದರು.

ಏನೇನು ತಪ್ಪುತ್ತದೆ ಎಂದು ಕೇಳಿದೆ. ಮಾತಿಗೆ ಕಳೆ ಬಂತು. ಕೈಬರಹದ ಔಷಧ ಪ್ರಮಾಣ ತಪ್ಪುತ್ತದೆ, ಒಂದೇ ಬಿಲ್ ಎರಡು ಸಲ ಲೆಕ್ಕವಾಗುತ್ತದೆ, ಯಾವ ಆಸ್ಪತ್ರೆ ಯಾವ ವಿವರವನ್ನು ಎಲ್ಲಿ ಬಚ್ಚಿಡುತ್ತದೆ ಎಂಬುದು ತನಗೆ ಬಾಯಿಪಾಠ! ಅದಾವುದೂ ಕಾಗದದ ಮೇಲಿರಲಿಲ್ಲ. ಎಐಯನ್ನು ಯಾರು ಬೇಕಾದರೂ ಬಾಡಿಗೆಗೆ ಪಡೆದಾರು. ಹಣ ಕೊಟ್ಟು ಕೊಳ್ಳಬೇಕಾದದ್ದು ಈ ತಿಳಿವಳಿಕೆಯನ್ನು. ಅದನ್ನೇ ಅವರು ಕಳಂಕವೆಂದು ಮುಚ್ಚಿಟ್ಟಿದ್ದರು.

ಮಾರಾಟವನ್ನು ಒಂದು ವರ್ಷ ಮುಂದೂಡಿ ಎಂದೆ. ಪ್ರತಿ ತಿದ್ದುಪಡಿಯೂ ದಾಖಲಾಗಲಿ, ಇಬ್ಬರಾದರೂ ಸಿಬ್ಬಂದಿ ಈ ಕೆಲಸ ಕಲಿಯಲಿ. ಆಮೇಲೆ ಹದಿನೈದು ದಿನ ರಜೆ ಹಾಕಿ. ನೀವಿಲ್ಲದೆ ಕೆಲಸ ನಡೆದರೆ ಮಾತ್ರ ಕೊಳ್ಳುವವರನ್ನು ಕರೆಯಿರಿ. ಇನ್ನೊಂದು ಎಐಯಲ್ಲೂ ಇದೇ ಕೆಲಸ ಪರೀಕ್ಷಿಸಿಡಿ. ಓಪನ್‌ಎಐ ತನ್ನ ಟೆಕ್ಸ್ಟ್-ಡಾವಿಂಚಿ-003 ಎಂಬ ಎಐ ಮಾದರಿಯನ್ನು 2024ರ ಜನವರಿ 4ರಂದು ನಿಲ್ಲಿಸಿತು. ನೆಚ್ಚಿಕೊಂಡವರು ಬೇರೆಡೆ ಹೋಗಲೇಬೇಕಾಯಿತು. ರೋಗಿಗಳ ಮಾಹಿತಿಯನ್ನು ಮೂರನೆಯವರಿಗೆ ಕಳಿಸಲು ಆಸ್ಪತ್ರೆಯ ಕರಾರು ಒಪ್ಪುತ್ತದೆಯೇ, ಮಾಲೀಕರು ಬದಲಾದರೂ ಆ ಕರಾರು ಉಳಿಯುತ್ತದೆಯೇ ಎಂದು ವಕೀಲರಿಗೆ ತೋರಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಆಪ್ತಸಲಹೆಗಾರ್ತಿಗೆ ಬೆಲೆಯ ಉಸಾಬರಿ ಏಕೆ ಎಂದು ಲೆಕ್ಕಪರಿಶೋಧಕ ಮಿತ್ರರೊಬ್ಬರು ಆಕ್ಷೇಪಿಸಿದರು. ಬೆಲೆ ಕಟ್ಟಿದ್ದು ನಾನಲ್ಲ. ಆದರೆ ಆ ಎದೆಬಡಿತದ ಬೇರು ಒಂದು ಸುಳ್ಳು ಸಾಲಿನಲ್ಲಿತ್ತು. ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸುವುದು ನನಗೆ ಒಗ್ಗಲಿಲ್ಲ. ಮಾರುವವರು ಸಹಿ ಹಾಕಿದ ಖಾತರಿ ಸುಳ್ಳಾದರೆ ಹಣ ಕೈಸೇರಿದ ಮೇಲೂ ಹೊಣೆ ತಪ್ಪುವುದಿಲ್ಲ. ಅಮೆರಿಕದ ನೇಟ್ ಎಂಬ ಖರೀದಿ ಆ್ಯಪ್‌ನ ಸ್ಥಾಪಕರ ಮೇಲೆ 2025ರ ಏಪ್ರಿಲ್‌ನಲ್ಲಿ ಹೂಡಿಕೆದಾರರನ್ನು ವಂಚಿಸಿದ ಆರೋಪ ಹೊರಿಸಲಾಯಿತು. ಎಐ ಮಾಡುತ್ತದೆ ಎಂದ ಕೆಲಸವನ್ನು ಫಿಲಿಪ್ಪೀನ್ಸ್‌ನ ಕೆಲಸಗಾರರು ಕೈಯಾರೆ ಮಾಡುತ್ತಿದ್ದರಂತೆ. ಕೆಲಸಗಾರರನ್ನು ಇಟ್ಟುಕೊಂಡದ್ದು ಅಪರಾಧವಲ್ಲ, ಬಚ್ಚಿಟ್ಟದ್ದು ಎಂಬುದು ಅಲ್ಲಿನ ತಕರಾರು.

ಇವರು ಆ ಸಾಲನ್ನು ತೆಗೆದುಹಾಕಿ, ಮನುಷ್ಯರು ಪರಿಶೀಲಿಸುವ ಕಡತಗಳ ಪ್ರಮಾಣವನ್ನು ಸೇರಿಸಿದರು. ಕಂಪನಿ ಕೊಳ್ಳಲು ಬಂದಿದ್ದ ಒಬ್ಬರು ಹಿಂದೆ ಸರಿದರು. ಇನ್ನೊಬ್ಬರು ಮೊದಲು ಕೇಳಿದ್ದು ತಿದ್ದುಪಡಿಗಳ ದಾಖಲೆಯನ್ನೇ. ಮಾರಾಟವಿನ್ನೂ ಆಗಿಲ್ಲ, ರಜೆಯ ಮಾತನ್ನಂತೂ ಪತ್ನಿ ನಂಬಿಲ್ಲ.