ಹಳೆಯ ಸೈಲೆಕ್ಸ್ ವ್ಯಾಕ್ಯೂಮ್ ಕಾಫಿ ಮೇಕರ್‌ನಲ್ಲಿ ಕಾಫಿ ಕೆಳಗೆ ಇಳಿಯುತ್ತಿಲ್ಲ, ಏನು ಮಾಡಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ನ್ಯೂಜೆರ್ಸಿಯ ಗರಾಜ್ ಸೇಲಿನಲ್ಲಿ ಎಂಟು ಕಪ್ಪಿನ ಗಾಜಿನ ಸೈಲೆಕ್ಸ್ ಕೊಂಡಿದ್ದೀರಿ. ಅಂದರೆ ಒಂದರ ಮೇಲೊಂದು ಕೂರುವ ಎರಡು ಗಾಜಿನ ಬುರುಡೆಗಳ ಕಾಫಿ ಪಾತ್ರೆ: ಕೆಳಗಿನದರಲ್ಲಿ ನೀರು, ಮೇಲಿನದರಲ್ಲಿ ಫಿಲ್ಟರ್ ಮತ್ತು ಪುಡಿ, ಮೇಲಿನದರ ಕೊಳವೆ ಕೆಳಗಿನ ನೀರಿನವರೆಗೆ ಇಳಿದಿರುತ್ತದೆ. ನೀರು ಮೇಲೇರುತ್ತದೆ, ಆದರೆ ಕಾಫಿ ವಾಪಸ್ ಇಳಿಯುವಾಗ ಅರ್ಧಕ್ಕೆ ನಿಲ್ಲುತ್ತದೆ. ಎರಡು ಬುರುಡೆಗಳ ನಡುವೆ ಗಾಳಿ ಸೋರದಂತೆ ಕೂರುವ ರಬ್ಬರ್ ಬಳೆ, ಅಂದರೆ ಗ್ಯಾಸ್ಕೆಟ್, ಗಟ್ಟಿಯಾಗಿದೆ. ಊರಿಂದ ತಂದ ಚಿಕೋರಿ ಬೆರೆಸಿದ ಫಿಲ್ಟರ್ ಪುಡಿ ಹಾಕುತ್ತಿದ್ದೀರಿ. ಮುಂದಿನ ವರ್ಷ ಮೈಸೂರಿಗೆ ಒಯ್ಯುವ ಯೋಚನೆಯೂ ಇದೆ.

ಮೊದಲು ಆ ಪುಡಿ ನಿಲ್ಲಿಸಿ. ನಿಮ್ಮ ತೊಂದರೆಯ ದೊಡ್ಡ ಪಾಲು ಅದರದ್ದೇ, ಉಳಿದದ್ದು ರಬ್ಬರಿನದು. ಇಂಥ ಪಾತ್ರೆ ಸರಿಯಾಗಿ ಕೆಲಸ ಮಾಡದಿದ್ದಾಗ ಎಲ್ಲರೂ ಗಾಜನ್ನು ಅನುಮಾನಿಸುತ್ತಾರೆ, ಆದರೆ ಸಾಮಾನ್ಯವಾಗಿ ತಪ್ಪು ಇರುವುದು ಪುಡಿಯಲ್ಲಿ, ಫಿಲ್ಟರಿನಲ್ಲಿ ಅಥವಾ ಗ್ಯಾಸ್ಕೆಟ್ಟಿನಲ್ಲಿ.

ಯಾಕೆ ಅಂತ ನೋಡಿ. ಕೆಳಗಿನ ಬುರುಡೆಯ ನೀರು ಕಾದಂತೆ ಅದರ ಮೇಲಿರುವ ಗಾಳಿ ಹಿಗ್ಗುತ್ತದೆ, ಹಬೆಯೂ ಸೇರಿಕೊಳ್ಳುತ್ತದೆ. ಹೊರಗೆ ಹೋಗಲು ಬೇರೆ ದಾರಿ ಇಲ್ಲದ್ದರಿಂದ ಅದು ನೀರನ್ನು ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ. ಉರಿ ತೆಗೆದರೆ ಹಬೆ ಮತ್ತೆ ನೀರಾಗುತ್ತದೆ, ಒಳಗಿನ ಒತ್ತಡ ಕುಸಿಯುತ್ತದೆ, ಹೊರಗಿನ ಗಾಳಿ ಕಾಫಿಯನ್ನು ಫಿಲ್ಟರಿನ ಮೂಲಕ ಕೆಳಗೆ ಒತ್ತುತ್ತದೆ. ನೀರನ್ನು 20 ಸೆಂ.ಮೀ. ಮೇಲೇರಿಸಲು ಬೇಕಾದ ಹೆಚ್ಚುವರಿ ಒತ್ತಡ ವಾತಾವರಣದ ಒತ್ತಡದ ಸುಮಾರು ಶೇ. 2 ಮಾತ್ರ. ಪ್ರೆಷರ್ ಕುಕ್ಕರಿನೊಳಗೆ ಇದರ ಐವತ್ತು ಪಟ್ಟು ಇರುತ್ತದೆ. ಇಷ್ಟು ಸಣ್ಣ ಬಲದ ಮೇಲೆ ನಿಂತಿರುವ ವ್ಯವಸ್ಥೆಗೆ ಕೂದಲೆಳೆಯಷ್ಟು ಸೋರಿಕೆಯೂ ದೊಡ್ಡದೇ.

ಇನ್ನೊಂದು ವಿಷಯ. ಏರುವಾಗ ಒಲೆ ಹಬೆಯನ್ನು ಕೊಡುತ್ತಲೇ ಇರುವುದರಿಂದ ಸಣ್ಣ ಸೋರಿಕೆ ಗೊತ್ತಾಗುವುದಿಲ್ಲ. ಇಳಿಯುವಾಗ ಆ ಅನುಕೂಲ ಇಲ್ಲ, ಒಳಗೆ ನುಗ್ಗಿದ ಗಾಳಿ ಅಲ್ಲೇ ಉಳಿಯುತ್ತದೆ. ಹಾಗಾಗಿ "ನೀರು ಏರುತ್ತದೆ, ಆದ್ದರಿಂದ ಗ್ಯಾಸ್ಕೆಟ್ ಸರಿ ಇದೆ" ಎನ್ನುವ ಲೆಕ್ಕ ಹಿಡಿಯಬೇಡಿ.

ಕಾಫಿ ನಿಂತಾಗ ಒಣ ಬಟ್ಟೆ ಹಿಡಿದು ಮೇಲಿನ ಬುರುಡೆಯನ್ನು ಮೆಲ್ಲಗೆ ಅಲುಗಿಸಿ ನೋಡಿ. ಬಿಗಿಯಾಗಿ ಕಚ್ಚಿಕೊಂಡಿದ್ದರೆ ಒಳಗೆ ನಿರ್ವಾತ ಇದೆ, ದಾರಿ ಕಟ್ಟಿದೆ, ಅಂದರೆ ಪುಡಿ ಅಥವಾ ಫಿಲ್ಟರಿನ ದೋಷ. ಸಡಿಲವಾಗಿದ್ದರೆ, ಇಲ್ಲವೇ ಕತ್ತಿನ ಸುತ್ತ ಸಣ್ಣಗೆ ಸುಯ್ ಅನ್ನುತ್ತಿದ್ದರೆ ಗ್ಯಾಸ್ಕೆಟ್ಟಿನದು. ಯಾವುದೇ ಆಗಿರಲಿ, ಬೇಗ ಇಳಿಯಲಿ ಅಂತ ಕೆಳಗಿನ ಬುರುಡೆಗೆ ಒದ್ದೆ ಬಟ್ಟೆ ಸುತ್ತಬೇಡಿ. ಹೊಸ ಗಾಜಿನ ಸೈಫನ್‌ಗಳಿಗೆ (ಇದೇ ಬಗೆಯ ಈಗಿನ ಪಾತ್ರೆಗಳಿಗೆ) ಕೆಲವರು ಹಾಗೆ ಮಾಡುತ್ತಾರೆ, ಎಪ್ಪತ್ತು ಎಂಬತ್ತು ವರ್ಷದ ಗಾಜಿಗೆ ಅದು ಬೇಡ. ಸಣ್ಣ ಉರಿಯ ಮೇಲೆ ಮತ್ತೆ ಇಟ್ಟು, ಮೇಲೆ ಗುಳ್ಳೆ ಬರತೊಡಗಿದಾಗ ಮರದ ಚಮಚದಿಂದ ಚರಟವನ್ನು ಒಮ್ಮೆ ಕಲಕಿ ಇಳಿಸಿ. ಕಾಫಿ ಸ್ವಲ್ಪ ಕಹಿಯಾದೀತು, ಆದರೆ ಇಳಿಯುತ್ತದೆ.

ಈಗ ಗ್ಯಾಸ್ಕೆಟ್. ಹಳೆಯ ರಬ್ಬರ್ ಗಟ್ಟಿಯಾಗಿದ್ದರೂ ಬಿರುಕು ಬಿಡದಿದ್ದರೆ ಕುದಿಯುವ ನೀರಿನಲ್ಲಿ ಐದು ಹತ್ತು ನಿಮಿಷ ಬಿಟ್ಟು, ಬಿಸಿ ಇರುವಾಗಲೇ ಒದ್ದೆಯಾಗಿ ಕೂರಿಸಿದರೆ ಕೆಲವು ದಿನ ನಡೆಯುತ್ತದೆ. ಅದು ತಾತ್ಕಾಲಿಕ. ವ್ಯಾಸಲೀನ್, ಅಡುಗೆ ಎಣ್ಣೆ ಏನನ್ನೂ ಸವರಬೇಡಿ, ಎಣ್ಣೆಗೆ ರಬ್ಬರ್ ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ. ಇಂಥ ಪಾತ್ರೆಗಳಿಗೆ ಹೊಸದಾಗಿ ಎರಕ ಹೊಯ್ದ ಸಿಲಿಕೋನ್ ಗ್ಯಾಸ್ಕೆಟ್ ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದನ್ನೇ ಕೊಳ್ಳಿ. "ಎಂಟು ಕಪ್ಪು" ಅಂತ ನೋಡಿ ತರಿಸಿದರೆ ಮೋಸ ಹೋಗುತ್ತೀರಿ. ಕೆಳಗಿನ ಬುರುಡೆಯ ಬಾಯಿಯ ಒಳ ಅಳತೆ, ಮೇಲಿನ ಬುರುಡೆಯ ಕತ್ತಿನ ಹೊರ ಅಳತೆ, ಎರಡನ್ನೂ ಮಿಲಿಮೀಟರಿನಲ್ಲಿ ತೆಗೆದುಕೊಂಡು ಹೋಲಿಸಿ.

ಹಳೆಯದನ್ನು ತೆಗೆಯುವಾಗ ಒಣಗಿದ್ದಂತೆಯೇ ತಿರುಚಬೇಡಿ. ಕೊಳವೆ ಮುರಿಯುವುದು ಬಹುತೇಕ ಈ ಹೊತ್ತಿನಲ್ಲೇ. ಬಿಸಿನೀರಿನಲ್ಲಿ ನೆನೆಸಿ, ಬರದಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ರಬ್ಬರ್ ಹೇಗೂ ಬಿಸಾಡುವುದೇ. ಕೂತಿದ್ದ ಜಾಗದಲ್ಲಿ ಕಪ್ಪು ಅಂಟು ಉಳಿದಿದ್ದರೆ ಪೂರ್ತಿ ತೆಗೆಯಿರಿ, ಅದರ ಮೇಲೆ ಹೊಸದು ಸರಿಯಾಗಿ ಕೂರುವುದಿಲ್ಲ. ಬಾಯಿಯ ಅಂಚಿನಲ್ಲಿ ಚಕ್ಕೆ ಎದ್ದಿದೆಯೇ ಉಗುರಾಡಿಸಿ ನೋಡಿ, ಅಂಥ ಕಡೆ ಎಷ್ಟು ಒಳ್ಳೆಯ ಗ್ಯಾಸ್ಕೆಟ್ ಹಾಕಿದರೂ ಸೋರುತ್ತದೆ.

ನಿಮ್ಮದರಲ್ಲಿ ಯಾವ ಫಿಲ್ಟರ್ ಇದೆ ಅಂತ ನೀವು ಬರೆದಿಲ್ಲ. ಎರಡು ಬಗೆ ಸಾಮಾನ್ಯ. ಒಂದು, ಬಟ್ಟೆ ಹೊದಿಸಿದ ಬಿಲ್ಲೆ. ಅದಕ್ಕೆ ಸ್ಪ್ರಿಂಗ್, ಸರಪಳಿ ಮತ್ತು ಕೊಕ್ಕೆ ಇರುತ್ತದೆ, ಕೊಕ್ಕೆಯನ್ನು ಕೊಳವೆಯ ತುದಿಗೆ ಸಿಕ್ಕಿಸಬೇಕು. ಎರಡನೆಯದು ಕೋರಿ ಕಂಪನಿಯ ಗಾಜಿನ ಕಡ್ಡಿ. ಮೈಮೇಲೆ ಸಣ್ಣ ಗುಬುಟುಗಳಿರುತ್ತವೆ, ಕತ್ತಿನಲ್ಲಿ ಸುಮ್ಮನೆ ಇಳಿಬಿಟ್ಟರೆ ಸಾಕು, ಗುಬುಟುಗಳ ನಡುವಿನ ಸಂದಿಯಲ್ಲೇ ಕಾಫಿ ಸೋಸುತ್ತದೆ. ಕೋರಿ ಕಡ್ಡಿ ಹಲವು ಸೈಲೆಕ್ಸ್‌ಗಳಿಗೂ ಹೊಂದುತ್ತದೆ, ಎಲ್ಲಕ್ಕೂ ಅಲ್ಲ. ಬಟ್ಟೆಯ ಕಾಫಿ ತಿಳಿಯಾಗಿರುತ್ತದೆ, ಕಡ್ಡಿಯದರಲ್ಲಿ ಕಪ್ಪಿನ ತಳಕ್ಕೆ ಸ್ವಲ್ಪ ಗಸಿ ಬರುತ್ತದೆ. ಬಟ್ಟೆಯ ಆರೈಕೆ ಮಾಡುವ ತಾಳ್ಮೆ ಇಲ್ಲದವರಿಗೆ ಕಡ್ಡಿಯೇ ವಾಸಿ ಅಂತ ನನ್ನ ಅಭಿಪ್ರಾಯ.

ಬಟ್ಟೆಯ ಆರೈಕೆ ಹೀಗೆ: ಹೊಸ ಬಟ್ಟೆಯನ್ನು ಗಂಜಿ ಹೋಗುವಂತೆ ನೀರಿನಲ್ಲಿ ಐದು ನಿಮಿಷ ಕುದಿಸಿ. ಬಳಸಿದ ಮೇಲೆ ಬರೀ ನೀರಿನಲ್ಲಿ ತೊಳೆಯಿರಿ, ಸೋಪಿನ ವಾಸನೆ ಬಟ್ಟೆಯಿಂದ ಹೋಗುವುದಿಲ್ಲ. ಒಣಗಲೂ ಬಿಡಬೇಡಿ, ಒಳಗೆ ಉಳಿದ ಕಾಫಿ ಎಣ್ಣೆ ಕಮಟುತ್ತದೆ. ಡಬ್ಬಿಯಲ್ಲಿ ನೀರು ಹಾಕಿ ಮುಳುಗಿಸಿ ಫ್ರಿಜ್ಜಿನಲ್ಲಿಡಿ, ನೀರು ಬದಲಿಸುತ್ತಿರಿ. ವಾರಗಟ್ಟಲೆ ಬಳಸುವುದಿಲ್ಲ ಅಂದರೆ ಫ್ರೀಜರಿನಲ್ಲಿಡಿ. ಬಟ್ಟೆ ಕಪ್ಪಾಗಿದೆ ಅಂತ ಎಸೆಯಬೇಕಿಲ್ಲ, ಕಾಫಿ ಇಳಿಯಲು ಎರಡು ನಿಮಿಷ ದಾಟತೊಡಗಿದಾಗ ಬದಲಿಸಿ. ಮಲೆನಾಡಿನ ಮನೆಗಳಲ್ಲಿ ಕಾಫಿ ಸೋಸುವ ಬಟ್ಟೆ ನೋಡಿದ್ದರೆ ಇದೆಲ್ಲ ನಿಮಗೆ ಹೊಸದಲ್ಲ. ಬಿಳುಪು ಮಾಡದ ಹತ್ತಿಯ ಫ್ಲಾನೆಲ್ ಬಟ್ಟೆಯನ್ನು ಬಿಲ್ಲೆಗಿಂತ ಎರಡು ಸೆಂ.ಮೀ. ದೊಡ್ಡದಾಗಿ ವೃತ್ತ ಕತ್ತರಿಸಿ, ಅಂಚಿಗೆ ದಾರ ಪೋಣಿಸಿ ಬಿಗಿದರೆ ಮನೆಯಲ್ಲೇ ಫಿಲ್ಟರ್ ಆಗುತ್ತದೆ.

ಪುಡಿಯ ವಿಷಯ. ನಮ್ಮ ಹಿತ್ತಾಳೆ, ಸ್ಟೀಲ್ ಫಿಲ್ಟರಿಗೆ ಬೀಸಿದ ಪುಡಿ ಇದಕ್ಕೆ ತೀರಾ ನುಣುಪು. ಅದರ ಮೇಲೆ ಚಿಕೋರಿ ಬಹುಪಾಲು ಕರಗಿ ನೀರನ್ನು ಮಂದ ಮಾಡುತ್ತದೆ, ಉಳಿದದ್ದು ಅಂಟಂಟಾಗಿ ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ. ಚಿಕೋರಿ ಇಲ್ಲದ ಬೀಜ ತಂದು, ಬಟ್ಟೆಯ ಫಿಲ್ಟರಿಗಾದರೆ ಚಿರೋಟಿ ರವೆಗಿಂತ ಸ್ವಲ್ಪ ದಪ್ಪ, ಗಾಜಿನ ಕಡ್ಡಿಗಾದರೆ ಉಪ್ಪಿಟ್ಟಿನ ರವೆಯಷ್ಟು ದಪ್ಪ ಬೀಸಿಸಿ. ಊರಿನ ಬೀಜವೇ ಬೇಕಾದರೆ ಪ್ಲಾಂಟೇಶನ್ ಎ (ಅರೇಬಿಕಾದ ಒಂದು ದರ್ಜೆ) ಅಥವಾ ಅರೇಬಿಕಾ ಪೀಬೆರಿಯನ್ನು (ದುಂಡು ಬೀಜ) ಹದವಾಗಿ ಹುರಿಸಿ ತರಿಸಿ. ಅಳತೆ ಲೀಟರಿಗೆ 60 ಗ್ರಾಂ, 800 ಮಿ.ಲೀ. ನೀರಿಗೆ 48 ಗ್ರಾಂ. ಇದರಿಂದ ಡಿಕಾಕ್ಷನ್ ಬರುವುದಿಲ್ಲ ಅನ್ನುವುದು ನೆನಪಿರಲಿ. ಇದು ಹಾಲಿಲ್ಲದೆ ಕುಡಿಯುವ ತೆಳು ಕಾಫಿ, ಹಾಲು ಬೆರೆಸಿದರೆ ನೀರು ನೀರಾಗುತ್ತದೆ. ಹಾಲು ಹಾಕಿದ ಸ್ಟ್ರಾಂಗ್ ಕಾಫಿ ಬೇಕೆಂದರೆ ನಮ್ಮ ಫಿಲ್ಟರೇ ಸರಿ.

ಬಳಸುವ ಕ್ರಮದಲ್ಲಿ ಹಲವರು ಎಡವುವುದು ಮೇಲಿನ ಬುರುಡೆಯನ್ನು ಮೊದಲೇ ಬಿಗಿದು. ಕೆಳಗೆ ಗಾಳಿ ಹೆಚ್ಚಿದ್ದಷ್ಟೂ ನೀರು ಬೇಗ, ಅಂದರೆ ಸಾಕಷ್ಟು ಕಾಯುವ ಮೊದಲೇ ಮೇಲೇರುತ್ತದೆ. ಅರ್ಧ ಬುರುಡೆ ನೀರಿಟ್ಟು ಮೊದಲೇ ಬಿಗಿದರೆ 70, 75 ಡಿಗ್ರಿಯಲ್ಲೇ ಏರಿಬಿಡಬಹುದು. ಕಾಫಿ ಹುಳಿ ಹುಳಿಯಾಗುವುದು ಆಗಲೇ. ಆದ್ದರಿಂದ ಕಡಿಮೆಯೆಂದರೂ ಮುಕ್ಕಾಲು ಬುರುಡೆ ನೀರು ಹಾಕಿ. ಬುರುಡೆಯ ಹೊರಮೈಯನ್ನು ಹನಿ ಇಲ್ಲದಂತೆ ಒರೆಸಿ, ಉರಿಯ ಮೇಲೆ ಒದ್ದೆ ತಳ ಬಿದ್ದರೆ ಗಾಜು ಸೀಳುತ್ತದೆ. ಫಿಲ್ಟರ್ ಹಾಕಿದ ಮೇಲಿನ ಬುರುಡೆಯನ್ನು ಸರಪಳಿ ನೀರಿಗೆ ಮುಟ್ಟುವಂತೆ ಓರೆಯಾಗಿ ಒರಗಿಸಿಡಿ. ಸರಪಳಿಯ ಮಣಿಗಳಿಂದ ಗುಳ್ಳೆಗಳು ಸಾಲುಗಟ್ಟಿ ಏಳತೊಡಗಿದಾಗ ನೆಟ್ಟಗೆ ನಿಲ್ಲಿಸಿ, ತುಸು ತಿರುಗಿಸುತ್ತಾ ಬಿಗಿಯಾಗಿ ಕೂರಿಸಿ. ಸರಪಳಿ ಮೊದಲೇ ನೀರಿನಲ್ಲಿದ್ದರೆ ಇನ್ನೊಂದು ಲಾಭ: ನುಣ್ಣನೆ ಗಾಜಿನಲ್ಲಿ ನೀರು ಕುದಿಯದೆ ಮಿತಿಮೀರಿ ಕಾದಿದ್ದು, ಕೊಳವೆ ಇಳಿಸಿದೊಡನೆ ಒಮ್ಮೆಲೇ ಉಕ್ಕಿ ಕೈಗೆ ಎರಚುವ ಅಪಾಯ ತಪ್ಪುತ್ತದೆ. ಕಡ್ಡಿಯ ಫಿಲ್ಟರಿದ್ದರೆ ಕೊಳವೆಯ ತುದಿಯೇ ನೀರಿನಲ್ಲಿರಲಿ.

ನೀರು ಏರಿದ ಮೇಲೆ ಉರಿ ಸಣ್ಣ ಮಾಡಿ, ಪುಡಿ ಹಾಕಿ ಕಲಕಿ. ಒಂದರಿಂದ ಒಂದೂವರೆ ನಿಮಿಷ ಸಾಕು. ಉರಿ ಜೋರಾದರೆ ಕೋರಿ ಕಡ್ಡಿ ಎದ್ದು ಓರೆಯಾಗಿ ಕೂತು ಚರಟವೆಲ್ಲ ಕೆಳಗಿಳಿಯುತ್ತದೆ. ಕೊಳವೆಯ ತುದಿಗಿಂತ ಕೆಳಗೆ ಸ್ವಲ್ಪ ನೀರು ಉಳಿಯುತ್ತದೆ, ಅದು ಉಳಿಯಲೇಬೇಕು. ಅದೂ ಆವಿಯಾಗಿ ಬುರುಡೆ ಒಣಗಿದರೆ ಗಾಜು ಹೋಯಿತು ಅಂತಲೇ ಲೆಕ್ಕ. ಇಳಿಸಿದ ಮೇಲೆ ತಣ್ಣಗಿನ ಗ್ರಾನೈಟ್ ಕಟ್ಟೆಯ ಮೇಲಲ್ಲ, ಮರದ ಹಲಗೆ ಅಥವಾ ಮಡಿಸಿದ ಒಣ ಬಟ್ಟೆಯ ಮೇಲಿಡಿ. ಒಂದು, ಒಂದೂವರೆ ನಿಮಿಷದಲ್ಲಿ ಕಾಫಿ ಇಳಿದು, ಕೊನೆಗೆ ಗೊರಗೊರ ಅಂತ ಗಾಳಿ ಎಳೆದುಕೊಂಡು ಕೆಳಗೆ ನೊರೆ ಏಳುತ್ತದೆ. ಅದಾದ ಮೇಲೆಯೇ ಮೇಲಿನದನ್ನು ಓರೆ ಮಾಡಿ ಬಿಡಿಸಿ.

ಎಲೆಕ್ಟ್ರಿಕ್ ಸುರುಳಿ ಒಲೆ ಅಥವಾ ಗ್ಲಾಸ್‌ಟಾಪ್ ಆದರೆ ಗಾಜಿಗೂ ಒಲೆಗೂ ನಡುವೆ ತಂತಿಯ ಜಾಲರಿ ಕಡ್ಡಾಯ. ಆ ಕಾಲದಲ್ಲಿ ಪಾತ್ರೆಯ ಜೊತೆಗೇ ಕೊಡುತ್ತಿದ್ದರು, ಈಗ ಬೇರೆ ಕೊಳ್ಳಬೇಕು. ಗ್ಯಾಸ್ ಆದರೆ ಜ್ವಾಲೆ ತಳ ಬಿಟ್ಟು ಪಕ್ಕಕ್ಕೆ ಏರದಂತಿರಲಿ. ಇಂಡಕ್ಷನ್ ನಡೆಯುವುದಿಲ್ಲ.

ತೊಳೆಯುವಾಗ ಕಂದು ಕಲೆಗೆ ಒಂದು ಲೀಟರ್ ಬಿಸಿನೀರಿಗೆ ಒಂದು ಚಮಚ ಸೋಡಿಯಂ ಪರ್‌ಕಾರ್ಬೊನೇಟ್ (ಆಕ್ಸಿಜನ್ ಬ್ಲೀಚ್ ಪುಡಿ) ಹಾಕಿ ಅರ್ಧ ಗಂಟೆ ಬಿಡಿ. ಅಲ್ಯೂಮಿನಿಯಂ ಭಾಗಗಳು ಅದರಲ್ಲಿ ಕಪ್ಪಾಗುತ್ತವೆ, ಮುಳುಗಿಸಬೇಡಿ. ಬೋರ್‌ವೆಲ್ ನೀರಿನ ಬಿಳಿ ಕಟ್ಟುವಿಕೆಗೆ ಅರ್ಧ ಲೀಟರಿಗೆ ಒಂದು ಚಮಚ ಸಿಟ್ರಿಕ್ ಆಸಿಡ್. ಸ್ಟೀಲ್ ಉಜ್ಜುಗ ಬೇಡವೇ ಬೇಡ, ಅದರ ಗೀರಿನಿಂದಲೇ ಬಿರುಕು ಶುರುವಾಗುತ್ತದೆ. ಬೇಕಲೈಟ್ ಹಿಡಿ ಇರುವುದರಿಂದ ಡಿಶ್‌ವಾಷರ್ ಕೂಡ ಬೇಡ. ಹಿಡಿಯ ಲೋಹದ ಪಟ್ಟಿಯ ಸ್ಕ್ರೂ ಅಲುಗಾಡದಷ್ಟು ಬಿಗಿಯಾಗಿದ್ದರೆ ಸಾಕು, ಜಾಸ್ತಿ ಬಿಗಿದರೆ ಗಾಜಿನ ಕತ್ತು ಒಡೆಯುತ್ತದೆ. ಎತ್ತಿಡುವಾಗ ಎರಡು ಬುರುಡೆಗಳನ್ನು ಜೋಡಿಸಿ ಇಡಬೇಡಿ, ಗ್ಯಾಸ್ಕೆಟ್ ಅಮುಕಿಕೊಂಡು ಆಕಾರ ಕೆಡುತ್ತದೆ.

ಮೈಸೂರಿಗೆ ಒಯ್ಯಲು ಒಲೆಯ ಮೇಲಿಡುವ ಗಾಜಿನದಕ್ಕೆ ಯಾವ ಅಡ್ಡಿಯೂ ಇಲ್ಲ. ಮೇಲಿನ ಬುರುಡೆಯ ಕೊಳವೆಗೆ ಗಟ್ಟಿ ರಟ್ಟಿನ ಸುರುಳಿ ಹಾಕಿ ಕ್ಯಾಬಿನ್ ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ಇದರ ಜೊತೆಗೆ ಸನ್‌ಬೀಮ್ ಕಾಫಿಮಾಸ್ಟರ್‌ನಂಥ ವಿದ್ಯುತ್ ಮಾದರಿ ಕೊಳ್ಳುವ ಆಸೆ ಹುಟ್ಟಿದರೆ, ಅವು ಅಮೆರಿಕದ 110-120 ವೋಲ್ಟಿಗೆ ಮಾಡಿದವು. ನಮ್ಮ 230ಕ್ಕೆ ನೇರ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ, ಅದರ ವ್ಯಾಟ್‌ಗೆ ತಕ್ಕ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಬಟ್ಟೆ ಸುತ್ತಿದ ಹಳೆಯ ಹೀಟರ್ ವೈರುಗಳ ಒಳಗೆ ಆಸ್‌ಬೆಸ್ಟಾಸ್ ಇರುವುದುಂಟು, ಬಿಚ್ಚಿ ನೋಡಲು ಹೋಗದೆ ವೈರನ್ನು ಪೂರ್ತಿ ಬದಲಿಸಿ.